ಮೊದಲ ಡೆಸ್ಕ್‌ಟಾಪ್: ಮದರ್‌ಬೋರ್ಡ್ ಕೂರಿಸುವ ಮುನ್ನ ಸ್ಟ್ಯಾಂಡ್‌ಆಫ್ ಮತ್ತು ಅರ್ಥಿಂಗ್ ಬಗ್ಗೆ ಕೆಲವು ಸಂದೇಹಗಳು

ಪ್ರಶ್ನೆ: ನಗರಹೋಬಳಿ (ಹೊಸನಗರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಾನು ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿದ್ದು, ಮನೆಗಳ ನಕ್ಷೆ ಬಿಡಿಸುವ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದೇನೆ. ಹಳೆಯ ಲ್ಯಾಪ್‌ಟಾಪ್ ಈಗಿನ ಕೆಲಸಕ್ಕೆ ಸಾಲದಾಗಿರುವುದರಿಂದ ಡೆಸ್ಕ್‌ಟಾಪ್ ಒಂದನ್ನು ಸ್ವತಃ ಜೋಡಿಸಬೇಕೆಂದು ನಿರ್ಧರಿಸಿ, ಬಿಡಿಭಾಗಗಳಲ್ಲಿ ಕೆಲವನ್ನು ಶಿವಮೊಗ್ಗದಿಂದಲೂ ಉಳಿದವನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೂ ತರಿಸಿಕೊಂಡಿದ್ದೇನೆ. ರೈಜೆನ್ 5 5600ಜಿ ಪ್ರೊಸೆಸರ್, ಅದರ ಪೆಟ್ಟಿಗೆಯಲ್ಲೇ ಬಂದ ಕೂಲರ್, ಬಿ550 ಚಿಪ್‌ಸೆಟ್‌ನ ಮೈಕ್ರೋ ಎಟಿಎಕ್ಸ್ ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, ಒಂದು ಎಂ.2 ಎಸ್‌ಎಸ್‌ಡಿ, 550 ವ್ಯಾಟ್‌ನ ಎಸ್‌ಎಂಪಿಎಸ್ (ಬಿಡಿಭಾಗಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಮತ್ತು ದೊಡ್ಡ ಎಟಿಎಕ್ಸ್ ಕ್ಯಾಬಿನೆಟ್ ನನ್ನ ಬಳಿ ಇವೆ.

ಮದರ್‌ಬೋರ್ಡ್ ಕೂರಿಸುವ ಹಂತಕ್ಕೆ ಬಂದು ನಿಂತಿದ್ದೇನೆ. ಕ್ಯಾಬಿನೆಟ್‌ನ ಒಳತಟ್ಟೆಯಲ್ಲಿ ಒಂಬತ್ತು ಹಿತ್ತಾಳೆಯ ಸ್ಟ್ಯಾಂಡ್‌ಆಫ್‌ಗಳು (ಬೋರ್ಡನ್ನು ತಟ್ಟೆಯಿಂದ ಎತ್ತಿ ಹಿಡಿಯುವ ಗಿಡ್ಡ ಕಂಬಗಳು) ಮೊದಲೇ ಇವೆ. ಬೋರ್ಡನ್ನು ಮೇಲೆ ಹಿಡಿದು ನೋಡಿದರೆ ಆರು ಮಾತ್ರ ತೂತುಗಳಿಗೆ ಹೊಂದುತ್ತವೆ. ಕೆಳಗಿನ ಸಾಲಿನ ಮೂರು ಬೋರ್ಡಿನ ಅಂಚಿನಾಚೆ ಉಳಿಯುತ್ತವೆ, ಆದರೆ ಬೋರ್ಡಿನ ಕೆಳ ಅಂಚಿನಲ್ಲಿರುವ ಎರಡು ತೂತುಗಳ ಅಡಿಯಲ್ಲಿ ಏನೂ ಇಲ್ಲ. ಆರು ಸ್ಕ್ರೂಗಳಷ್ಟೇ ಸಾಕೇ? ಸ್ಕ್ರೂವಿನ ಕೆಳಗೆ ಕಾಗದದ ವಾಷರ್ ಹಾಕಬೇಕೆಂದು ಪರಿಚಿತರೊಬ್ಬರು ಹೇಳಿದರು, ಅದು ಅಗತ್ಯವೇ?

ಇನ್ನೊಂದು ಚಿಂತೆ ಮನೆಯದು. ನಮ್ಮದು ಹಳೆಯ ಕಾಲದ ವೈರಿಂಗ್. ಮೇಜಿನ ಪಕ್ಕದ ಪಾಯಿಂಟ್‌ನಲ್ಲಿ ಮೂರು ರಂಧ್ರಗಳಿವೆಯಾದರೂ ಮೂರನೆಯದಕ್ಕೆ ತಂತಿ ಇದೆಯೋ ಇಲ್ಲವೋ ಖಚಿತವಿಲ್ಲ. ಹೊರಗೆ ಮಳೆ ಬಿಡುವು ಕೊಡುತ್ತಿಲ್ಲ, ಗೋಡೆಗಳು ತೇವವಾಗಿವೆ. ಇಂಥ ಹವೆಯಲ್ಲಿ ಪೊಟ್ಟಣ ಬಿಚ್ಚಿ ಜೋಡಿಸಬಹುದೇ, ಅಥವಾ ಮಳೆ ಕಡಿಮೆಯಾಗುವವರೆಗೆ ಕಾಯುವುದು ಒಳ್ಳೆಯದೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಉತ್ತರ: ವರದಾಮೂಲ (ಸಾಗರ)

ನಮಸ್ಕಾರ. ಸ್ಟ್ಯಾಂಡ್‌ಆಫ್ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಪೂರ್ಣ ಎಟಿಎಕ್ಸ್ ಬೋರ್ಡಿನ ಅಳತೆ 305 × 244 ಮಿ.ಮೀ. ಇದ್ದರೆ ಮೈಕ್ರೋ ಎಟಿಎಕ್ಸ್ ಹೆಚ್ಚೆಂದರೆ 244 × 244 ಮಿ.ಮೀ. ಇರುತ್ತದೆ. ಮೇಲಿನ ಮತ್ತು ನಡುವಿನ ಸಾಲುಗಳ ತೂತುಗಳು ಬಹುಮಟ್ಟಿಗೆ ಎರಡಕ್ಕೂ ಸಾಮಾನ್ಯ, ಕೆಳಗಿನ ಸಾಲು ಮಾತ್ರ ಬೇರೆ. ನಿಮ್ಮ ಕ್ಯಾಬಿನೆಟ್ ತಯಾರಕರು ಎಟಿಎಕ್ಸ್ ಬೋರ್ಡಿಗೆಂದು ಒಂಬತ್ತನ್ನೂ ಕೂರಿಸಿ ಕಳುಹಿಸಿದ್ದಾರೆ. ಆದ್ದರಿಂದ ಅಂಚಿನಾಚೆ ಉಳಿದಿರುವ ಮೂರರಲ್ಲಿ ಎರಡನ್ನು ಬಿಚ್ಚಿ, ಖಾಲಿ ಇರುವ ಆ ಎರಡು ತೂತುಗಳ ನೇರಕ್ಕೆ ತಟ್ಟೆಯಲ್ಲಿರುವ ಮರೆಗಳಿಗೆ (ಒಳಗೆ ಸ್ಕ್ರೂ ಗೆರೆಗಳಿರುವ ರಂಧ್ರಗಳಿಗೆ) ತಿರುಗಿಸಿ ಕೂರಿಸಿ. ಅನೇಕ ಕ್ಯಾಬಿನೆಟ್‌ಗಳಲ್ಲಿ ಈ ಮರೆಗಳ ಪಕ್ಕ ಎ, ಎಂ, ಐ ಎಂಬ ಇಂಗ್ಲಿಷ್ ಅಕ್ಷರಗಳನ್ನು ಒತ್ತಿರುತ್ತಾರೆ. ನಿಮಗೆ ಬೇಕಾದುದು ಎಂ, ಅಂದರೆ ಮೈಕ್ರೋ ಎಟಿಎಕ್ಸ್. ಸ್ಕ್ರೂ ಪೊಟ್ಟಣದಲ್ಲಿ ಇದಕ್ಕೆಂದೇ ಷಟ್ಕೋನದ ಸಣ್ಣ ತಿರುಗುಪಟ್ಟಿ ಇರಬಹುದು, ಇಲ್ಲವಾದರೆ ಚಿಕ್ಕ ಇಕ್ಕಳ ಸಾಕು. ಸ್ಟ್ಯಾಂಡ್‌ಆಫ್ ಬಿಗಿಯಾಗಿ ಕೂರದಿದ್ದರೆ ಮುಂದೆಂದಾದರೂ ಬೋರ್ಡ್ ಬಿಚ್ಚುವಾಗ ಸ್ಕ್ರೂವಿನ ಜೊತೆಗೆ ಅದೂ ತಿರುಗತೊಡಗುತ್ತದೆ, ಆಗ ಬಿಡಿಸುವುದು ಬಹಳ ಕಷ್ಟ.

ಆರು ಸ್ಕ್ರೂಗಳಿಂದ ಬೋರ್ಡ್ ನಿಲ್ಲುವುದೇನೋ ನಿಲ್ಲುತ್ತದೆ. ಆದರೆ ಯುಎಸ್‌ಬಿ, ಆಡಿಯೋ ಮತ್ತು ಮುಂಭಾಗದ ಗುಂಡಿಗಳ ಕನೆಕ್ಟರ್‌ಗಳೆಲ್ಲ ಇರುವುದು ಕೆಳ ಅಂಚಿನಲ್ಲಿಯೇ. ಅಲ್ಲಿ ಆಧಾರವಿಲ್ಲದೆ ಒತ್ತಿದರೆ ಬೋರ್ಡ್ ಬಾಗುತ್ತದೆ. ಆದ್ದರಿಂದ ಎಂಟೂ ತೂತುಗಳಿಗೆ ಆಧಾರ ಕೊಡಿ. ಇದಕ್ಕಿಂತ ಮುಖ್ಯವಾದುದು ಇದರ ವಿರುದ್ಧದ ಮಾತು: ತೂತಿಲ್ಲದ ಕಡೆ ಬೋರ್ಡಿನ ಅಡಿಯಲ್ಲಿ ಒಂದೇ ಒಂದು ಸ್ಟ್ಯಾಂಡ್‌ಆಫ್ ಕೂಡ ಉಳಿಯಬಾರದು. ಬೋರ್ಡಿನ ಹಿಂಭಾಗದಲ್ಲಿ ಬೆಸುಗೆಯ ಮೊನೆಗಳು ಚಾಚಿಕೊಂಡಿರುತ್ತವೆ. ಅವುಗಳಲ್ಲೊಂದು ಹಿತ್ತಾಳೆಗೆ ತಾಗಿದರೆ ಶಾರ್ಟ್ ಆಗುತ್ತದೆ. ಬೋರ್ಡ್ ಕೂರಿಸಿದ ಮೇಲೆ ಟಾರ್ಚ್ ಹಿಡಿದು ಪ್ರತಿ ತೂತಿನಲ್ಲೂ ಹಿತ್ತಾಳೆಯ ಮರೆ ಕಾಣುತ್ತಿದೆಯೇ ಎಂದು ನೋಡಿ, ಕಾಣುವ ಮರೆಗಳ ಸಂಖ್ಯೆಯೂ ನೀವು ಕೂರಿಸಿದ ಸ್ಟ್ಯಾಂಡ್‌ಆಫ್‌ಗಳ ಸಂಖ್ಯೆಯೂ ಒಂದೇ ಆಗಿರಬೇಕು.

ಕಾಗದದ ವಾಷರ್ ಬೇಡ. ತೂತಿನ ಸುತ್ತ ಕಾಣುವ ಲೋಹದ ಬಳೆಯು ಬೋರ್ಡಿನ ಗ್ರೌಂಡಿಗೆ ಸೇರಿರುತ್ತದೆ ಮತ್ತು ಅದು ಸ್ಕ್ರೂವಿನ ಮೂಲಕ ಕ್ಯಾಬಿನೆಟ್‌ಗೆ ತಾಗಬೇಕೆಂದೇ ಹಾಗೆ ಮಾಡಿರುತ್ತಾರೆ.

ಇನ್ನು, ಬೋರ್ಡನ್ನು ಒಳಗಿಡುವ ಮೊದಲೇ ಪ್ರೊಸೆಸರ್, ಕೂಲರ್, ರ‍್ಯಾಮ್ ಮತ್ತು ಎಂ.2 ಎಸ್‌ಎಸ್‌ಡಿ ನಾಲ್ಕನ್ನೂ ಮೇಜಿನ ಮೇಲೆಯೇ ಜೋಡಿಸಿಬಿಡಿ. ನಿಮ್ಮ ಕೂಲರ್‌ಗಂತೂ ಇದು ಅನಿವಾರ್ಯವೆನ್ನಬಹುದು. 5600ಜಿ ಜೊತೆ ಬರುವ ರೇತ್ ಸ್ಟೆಲ್ತ್ ಕೂಲರ್‌ಗೆ ಸ್ಪ್ರಿಂಗ್ ಇರುವ ನಾಲ್ಕು ಸ್ಕ್ರೂಗಳಿದ್ದು, ಅವು ಬೋರ್ಡಿನ ಹಿಂದಿರುವ ಲೋಹದ ಪಟ್ಟಿಗೆ ನೇರವಾಗಿ ಸೇರಬೇಕು. ಅದಕ್ಕಾಗಿ ಸಾಕೆಟ್‌ನ ಎರಡೂ ಬದಿಗಳಲ್ಲಿರುವ ಪ್ಲಾಸ್ಟಿಕ್ ಬ್ರಾಕೆಟ್‌ಗಳನ್ನು ಬಿಚ್ಚಬೇಕಾಗುತ್ತದೆ. ಬಿಚ್ಚಿದ ಕೂಡಲೇ ಹಿಂದಿನ ಪಟ್ಟಿ ಸಡಿಲವಾಗಿ ಕೆಳಗೆ ಬೀಳುತ್ತದೆ. ಒಂದು ಕೈಯಿಂದ ಅದನ್ನು ಹಿಂದಿನಿಂದ ಹಿಡಿದುಕೊಂಡೇ ಕೂಲರ್ ಕೂರಿಸಬೇಕು. ಕೂಲರ್‌ನ ತಳದಲ್ಲಿ ಥರ್ಮಲ್ ಪೇಸ್ಟ್ ಮೊದಲೇ ಬಳಿದಿರುವುದರಿಂದ ಬೇರೆ ಹಾಕುವುದು ಬೇಡ, ಬೆರಳು ತಾಗಿಸುವುದೂ ಬೇಡ. ನಾಲ್ಕು ಸ್ಕ್ರೂಗಳನ್ನೂ ಮೊದಲು ತುಸುವೇ ಹಿಡಿಸಿ, ಆಮೇಲೆ ಕರ್ಣದ ಕ್ರಮದಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಿ. ಫ್ಯಾನ್‌ನ ತಂತಿ ಸಿಪಿಯು ಫ್ಯಾನ್ ಎಂದು ಬರೆದಿರುವ ಕಡೆಗೇ ಹೋಗಬೇಕು.

ಎಎಂ4 (ನಿಮ್ಮ ಬೋರ್ಡಿನ ಸಾಕೆಟ್‌ನ ಬಗೆ) ಪ್ರೊಸೆಸರ್‌ಗಳಲ್ಲಿ ಪಿನ್‌ಗಳು ಪ್ರೊಸೆಸರ್‌ನಲ್ಲಿಯೇ ಇರುತ್ತವೆ, ಒಟ್ಟು 1331. ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ, ಸನ್ನೆ ಎತ್ತಿದ ಸ್ಥಿತಿಯಲ್ಲಿ ಇಟ್ಟರೆ ಅದು ತನ್ನ ಭಾರದಿಂದಲೇ ಇಳಿಯುತ್ತದೆ. ಇಳಿಯದಿದ್ದರೆ ಎತ್ತಿ ಮತ್ತೆ ಇಡಿ, ಒತ್ತಬೇಡಿ. ರ‍್ಯಾಮ್‌ಗೆ ನಾಲ್ಕು ಸ್ಲಾಟ್‌ಗಳಿದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದನ್ನು ಬಳಸಬೇಕು; ಬೋರ್ಡಿನ ಕೈಪಿಡಿಯಲ್ಲಿ ಒಮ್ಮೆ ನೋಡಿ ಖಚಿತಪಡಿಸಿಕೊಳ್ಳಿ.

ಇಷ್ಟಾದ ಮೇಲೆ ಬೋರ್ಡನ್ನು ಅದರದೇ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು, ಎಸ್‌ಎಂಪಿಎಸ್‌ನ ಎರಡು ಕೇಬಲ್‌ಗಳನ್ನು ಸಿಕ್ಕಿಸಿ, ಹೊರಗೇ ಒಮ್ಮೆ ಚಾಲೂ ಮಾಡಿ ನೋಡುವುದು ಒಳ್ಳೆಯದು. ಬೆಳ್ಳಿ ಬಣ್ಣದ ಆ್ಯಂಟಿಸ್ಟ್ಯಾಟಿಕ್ ಚೀಲದ ಮೇಲಿಟ್ಟು ಮಾತ್ರ ಚಾಲೂ ಮಾಡಬಾರದು, ಆ ಚೀಲ ವಿದ್ಯುತ್ತನ್ನು ಸ್ವಲ್ಪಮಟ್ಟಿಗೆ ಹರಿಯಗೊಡುತ್ತದೆ.

ಉತ್ತರ: ತುಂಗಾತೀರ (ತೀರ್ಥಹಳ್ಳಿ)

ಮೇಲಿನ ಉತ್ತರ ಜೋಡಣೆಗೆ ಸಂಬಂಧಿಸಿದಂತೆ ಸಮರ್ಪಕವಾಗಿದೆ. ನಾನು ವೈರಿಂಗ್ ಕೆಲಸ ಮಾಡುವವನಾದ್ದರಿಂದ ನಿಮ್ಮ ಎರಡನೆಯ ಚಿಂತೆಯ ಬಗ್ಗೆ ಬರೆಯುತ್ತೇನೆ. ನನ್ನ ಅಭಿಪ್ರಾಯದಲ್ಲಿ ಗೋಡೆಯಲ್ಲಿರುವ ಮೂರನೆಯ ರಂಧ್ರವೂ ಮದರ್‌ಬೋರ್ಡ್ ಜೋಡಣೆಯ ಭಾಗವೇ.

ಪ್ರತಿ ಎಸ್‌ಎಂಪಿಎಸ್‌ನ ಒಳಗೆ, ವಿದ್ಯುತ್ ಪ್ರವೇಶಿಸುವ ಜಾಗದಲ್ಲಿ, ವಿದ್ಯುತ್ತಿನಲ್ಲಿ ಬೆರೆತ ಗದ್ದಲವನ್ನು (ಬೇಡದ ಏರಿಳಿತಗಳನ್ನು) ಸೋಸುವ ಸಣ್ಣ ಕೆಪ್ಯಾಸಿಟರ್‌ಗಳಿರುತ್ತವೆ. ಅವುಗಳಲ್ಲಿ ಒಂದು ಫೇಸ್‌ನಿಂದ ಲೋಹದ ಹೊದಿಕೆಗೂ ಮತ್ತೊಂದು ನ್ಯೂಟ್ರಲ್‌ನಿಂದ ಹೊದಿಕೆಗೂ ಸೇರಿರುತ್ತವೆ. ಅರ್ಥ್ ತಂತಿ ಇದ್ದಾಗ ಆ ಮೂಲಕ ಹರಿಯುವ ಅತ್ಯಲ್ಪ ವಿದ್ಯುತ್ತು ನೆಲಕ್ಕೆ ಇಳಿದುಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ಹೊದಿಕೆಯೂ, ಅದಕ್ಕೆ ಸೇರಿದ ಇಡೀ ಕ್ಯಾಬಿನೆಟ್ಟೂ, ನಮ್ಮ 230 ವೋಲ್ಟ್‌ನ ಸುಮಾರು ಅರ್ಧದಷ್ಟು ವೋಲ್ಟೇಜಿನಲ್ಲಿ ತೇಲುತ್ತಿರುತ್ತವೆ. ಬರಿಗಾಲಿನಲ್ಲಿ, ತೇವದ ನೆಲದ ಮೇಲೆ ನಿಂತು ಮುಟ್ಟಿದಾಗ ಜುಮ್ಮೆನ್ನುವುದು ಇದೇ. ಪ್ರವಾಹ ಬಹಳ ಕಡಿಮೆಯಾದ್ದರಿಂದ ಸಾಮಾನ್ಯವಾಗಿ ಆ ಜುಮ್ಮಿನಿಂದ ಮನುಷ್ಯನಿಗೆ ಪೆಟ್ಟಾಗುವುದಿಲ್ಲ. ಆದರೆ ಕಂಪ್ಯೂಟರ್ ಚಾಲೂ ಇರುವಾಗ ಬೇರೊಂದು ಪಾಯಿಂಟ್‌ನಲ್ಲಿರುವ ಪ್ರಿಂಟರ್ ಅಥವಾ ಮಾನಿಟರ್‌ನ ಕೇಬಲ್ ಸಿಕ್ಕಿಸುವಾಗ ಆ ವೋಲ್ಟೇಜ್ ಪೋರ್ಟ್‌ನ ಮೂಲಕವೇ ಇಳಿಯಲು ದಾರಿ ಹುಡುಕುತ್ತದೆ. ಎಸ್‌ಎಂಪಿಎಸ್‌ನಲ್ಲಿಯೇ ದೋಷ ಬಂದು ಫೇಸ್ ನೇರವಾಗಿ ಹೊದಿಕೆಗೆ ತಾಗಿದರಂತೂ ಅರ್ಥ್ ಇಲ್ಲದ ಮನೆಯಲ್ಲಿ ಅದು ಪ್ರಾಣಾಪಾಯ.

ಪರೀಕ್ಷಿಸಲು ಟೆಸ್ಟರ್ ಸಾಲದು, ಮಲ್ಟಿಮೀಟರ್ ಬೇಕು. ಫೇಸ್ ಮತ್ತು ನ್ಯೂಟ್ರಲ್ ನಡುವೆ ಎಷ್ಟು ವೋಲ್ಟ್ ಬರುತ್ತದೆಯೋ ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು; ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್‌ಗಿಂತ ಹೆಚ್ಚು ಇರಬಾರದು. ಇದನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರಿಂದ ಮಾಡಿಸಿ. ಯಾರಾದರೂ ನ್ಯೂಟ್ರಲ್ ರಂಧ್ರದಿಂದಲೇ ಅರ್ಥ್ ರಂಧ್ರಕ್ಕೆ ತುಂಡು ತಂತಿ ಸೇರಿಸಿ ಸರಿಮಾಡಿಕೊಡುತ್ತೇನೆಂದರೆ ಖಂಡಿತ ಒಪ್ಪಬೇಡಿ. ಎಲ್ಲಿಯಾದರೂ ನ್ಯೂಟ್ರಲ್ ಕಡಿದುಹೋದರೆ ಇಡೀ ಕ್ಯಾಬಿನೆಟ್‌ಗೆ ಫೇಸ್ ಬರುತ್ತದೆ.

ನಮ್ಮ ಮಲೆನಾಡಿನ ಮಣ್ಣಿಗೆ ಸಂಬಂಧಿಸಿದ ಒಂದು ಮಾತನ್ನು ಸೇರಿಸಬೇಕು. ಮಳೆಗಾಲದಲ್ಲಿ ನೆಲ ನೆನೆದು ನಿಂತಿರುವಾಗ ಯಾವ ಅರ್ಥಿಂಗ್ ಗುಂಡಿಯೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಜಂಬಿಟ್ಟಿಗೆಯ ನೆಲ ನೀರನ್ನು ಬೇಗ ಬಿಟ್ಟುಕೊಡುವುದರಿಂದ, ಅದೇ ಗುಂಡಿ ಮಾರ್ಚ್, ಏಪ್ರಿಲ್ ಹೊತ್ತಿಗೆ ಒಣಗಿ ದುರ್ಬಲವಾಗಬಹುದು. ಗುಡುಗು, ಸಿಡಿಲಿನ ಮಳೆ ಹೆಚ್ಚಾಗಿ ಬರುವುದೂ ಏಪ್ರಿಲ್, ಮೇ ತಿಂಗಳುಗಳಲ್ಲಿಯೇ. ಆದ್ದರಿಂದ ಇದ್ದಿಲು, ಉಪ್ಪು ಹಾಕಿದ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ನೀರು ಹಾಕುವ ಅಭ್ಯಾಸವಿರಲಿ, ಮತ್ತು ಮೀಟರಿನ ಪರೀಕ್ಷೆಯನ್ನು ಬೇಸಿಗೆಯಲ್ಲಿ ಇನ್ನೊಮ್ಮೆ ಮಾಡಿಸಿ. ಸಿಡಿಲಿನ ಸಮಯದಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಬೇಕು. ತಾಮ್ರದ ತಂತಿಯ ಇಂಟರ್ನೆಟ್ ಸಂಪರ್ಕವಿದ್ದರೆ ಆ ಕೇಬಲನ್ನೂ ಕಳಚಬೇಕು. ಸ್ಪೈಕ್ ಬಸ್ಟರ್ ಹತ್ತಿರದ ಸಿಡಿಲನ್ನು ತಡೆಯಲಾರದು, ಅರ್ಥಿಂಗ್ ಇಲ್ಲದ ಕಡೆ ಅದರ ಉಪಯೋಗ ಇನ್ನೂ ಕಡಿಮೆ.

ಉತ್ತರ: ವಿನೋಬನಗರ (ಶಿವಮೊಗ್ಗ)

ನಾನು ಹಾರ್ಡ್‌ವೇರ್ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿಂದ ಇದೇ ಜೋಡಣೆಯನ್ನು ಮಾಡಿಸುತ್ತೇನೆ. ಸಾಗರದವರ ಮಾತುಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಒಪ್ಪುತ್ತೇನೆ. ಬೋರ್ಡನ್ನು ಹೊರಗಿಟ್ಟು ಚಾಲೂ ಮಾಡಲು ಪವರ್ ಸ್ವಿಚ್‌ನ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್‌ನಿಂದ ಕ್ಷಣಕಾಲ ಸೇರಿಸಬೇಕಾಗುತ್ತದೆ. ಮೊದಲ ಬಾರಿ ಮಾಡುವವರ ಕೈ ಪಕ್ಕದ ಪಿನ್‌ಗೆ ಜಾರುವ ಸಂಭವವಿರುವುದರಿಂದ ನಾನು ಅದನ್ನು ಸೂಚಿಸುವುದಿಲ್ಲ. ಹೊರಗೇ ಪರೀಕ್ಷಿಸಬೇಕೆಂದಿದ್ದರೆ ಕ್ಯಾಬಿನೆಟನ್ನು ಪಕ್ಕದಲ್ಲಿ ಮಲಗಿಸಿಕೊಂಡು, ಅದರ ಪವರ್ ಗುಂಡಿಯ ತಂತಿಯನ್ನೇ ಎಳೆದು ಆ ಪಿನ್‌ಗಳಿಗೆ ಸಿಕ್ಕಿಸಿ ಗುಂಡಿ ಒತ್ತಬಹುದು. ತಂತಿ ಸಾಕಷ್ಟು ಉದ್ದವಿರುತ್ತದೆ.

ತೇವದ ಬಗ್ಗೆ ಕೇಳಿದ್ದೀರಿ. ಆಗುಂಬೆಯ ಕಡೆ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ, ಅಲ್ಲಿಯೂ ಜನ ಕಂಪ್ಯೂಟರ್ ಬಳಸುತ್ತಿದ್ದಾರೆ. ಗಾಳಿಯಲ್ಲಿರುವ ತೇವ ತಾನಾಗಿ ಬೋರ್ಡನ್ನು ಕೆಡಿಸುವುದಿಲ್ಲ. ಕೆಡಿಸುವುದು ಮೇಲ್ಮೈಯಲ್ಲಿ ಹನಿಗಟ್ಟುವ ನೀರು. ನೆನೆದ ತಂಪು ಪಾರ್ಸೆಲ್ ಮನೆಗೆ ಬಂದ ಕೂಡಲೇ ಒಳಪೊಟ್ಟಣ ಬಿಚ್ಚದೆ ಕೋಣೆಯಲ್ಲಿ ಕೆಲವು ಗಂಟೆ ಹಾಗೆಯೇ ಇಟ್ಟು, ಅದು ಕೋಣೆಯ ಉಷ್ಣತೆಗೆ ಬಂದ ಮೇಲೆ ತೆರೆದರೆ ಸಾಕು. ಜೋಡಿಸಿದ ಯಂತ್ರವನ್ನು ಮಳೆಗಾಲದಲ್ಲಿ ದಿನವೂ ಸ್ವಲ್ಪ ಹೊತ್ತು ಚಾಲೂ ಇಡುವುದು ಅದಕ್ಕೆ ಹಿತ, ಏಕೆಂದರೆ ಒಳಗಿನ ಬಿಸಿ ತೇವವನ್ನು ಓಡಿಸುತ್ತದೆ. ಗೋಡೆಗೆ ತಾಗಿಸಿ ಇಡಬೇಡಿ. ಬಚ್ಚಲೊಲೆಯ ಹೊಗೆ ಬರುವ ಅಥವಾ ಅಡಕೆ ಸುಲಿಯುವ ಜಾಗದ ಸಮೀಪವೂ ಬೇಡ. ಮಸಿ ಮತ್ತು ದೂಳು ತೇವದೊಂದಿಗೆ ಸೇರಿ ಬೋರ್ಡಿನ ಮೇಲೆ ಅಂಟಿಕೊಂಡರೆ ಒಣಬಟ್ಟೆಗೆ ಬರುವುದಿಲ್ಲ. ಹಿಂಭಾಗದಲ್ಲಿ ಬಳಸದ ಸ್ಲಾಟ್‌ಗಳ ಮುಚ್ಚಳಪಟ್ಟಿಗಳನ್ನು ತೆಗೆಯಬೇಡಿ, ಇರುವೆಯೂ ಹಲ್ಲಿಯೂ ಬೆಚ್ಚಗಿನ ಜಾಗ ಹುಡುಕಿಕೊಂಡು ಅಲ್ಲಿಂದಲೇ ಬರುತ್ತವೆ.

ಸ್ಥಾಯೀ ವಿದ್ಯುತ್ತಿನ ಭಯ ಈ ಹವೆಯಲ್ಲಿ ಕಡಿಮೆ. ತೇವದ ಗಾಳಿಯಲ್ಲಿ ಅದು ಮೈಮೇಲೆ ಹೆಚ್ಚು ಸಂಗ್ರಹವಾಗುವುದಿಲ್ಲ. ಜನವರಿ, ಫೆಬ್ರುವರಿಯ ಒಣಹವೆಯಲ್ಲಿ ಉಣ್ಣೆಯ ಸ್ವೆಟರ್ ತೊಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಮಾಡುವುದೇ ಹೆಚ್ಚು ಅಪಾಯಕರ. ಆದರೂ ಎಚ್ಚರಿಕೆ ಬಿಡಬೇಡಿ. ಸುಮಾರು 3,000 ವೋಲ್ಟ್ ದಾಟುವವರೆಗೆ ಮನುಷ್ಯನಿಗೆ ಆ ಕಿಡಿಯ ಅರಿವೇ ಆಗುವುದಿಲ್ಲ, ಚಿಪ್‌ಗಳು ಅದಕ್ಕಿಂತ ಎಷ್ಟೋ ಕಡಿಮೆಯಲ್ಲಿ ಹಾಳಾಗಬಲ್ಲವು. ಬೋರ್ಡ್ ಮುಟ್ಟುವ ಮೊದಲು ಪ್ರತಿ ಸಲ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ, ಬೋರ್ಡನ್ನು ಅಂಚುಗಳಲ್ಲಿಯೇ ಹಿಡಿಯಿರಿ.

ಒಳಗೆ ಕೂರಿಸುವ ಕ್ರಮ ಹೀಗಿರಲಿ. ಐ/ಒ ಶೀಲ್ಡ್ (ಹಿಂಭಾಗದ ಪೋರ್ಟ್‌ಗಳ ಸುತ್ತ ಕೂರುವ ಲೋಹದ ತಗಡು) ಬೋರ್ಡಿಗೇ ಅಂಟಿಕೊಂಡು ಬಂದಿಲ್ಲವಾದರೆ ಅದನ್ನು ಕ್ಯಾಬಿನೆಟ್‌ನ ಒಳಗಿನಿಂದ ನಾಲ್ಕು ಮೂಲೆಗಳೂ ಟಕ್ಕೆನ್ನುವಂತೆ ಒತ್ತಿ ಕೂರಿಸಿ. ಅದರ ಅಂಚುಗಳು ಹರಿತ, ಬೆರಳು ಜೋಪಾನ. ಶೀಲ್ಡ್‌ನ ಸಣ್ಣ ಲೋಹದ ನಾಲಿಗೆಗಳು ಯುಎಸ್‌ಬಿ ಅಥವಾ ಲ್ಯಾನ್ ಪೋರ್ಟ್‌ನ ಒಳಗೆ ಸೇರಿಕೊಳ್ಳದಂತೆ ನೋಡಿ, ಕ್ಯಾಬಿನೆಟನ್ನು ಮಲಗಿಸಿ, ಬೋರ್ಡನ್ನು ತುಸು ಓರೆಯಾಗಿ ಹಿಡಿದು ಮೊದಲು ಪೋರ್ಟ್‌ಗಳನ್ನು ಶೀಲ್ಡ್‌ಗೆ ಸೇರಿಸಿ ಆಮೇಲೆ ಕೆಳಗಿಳಿಸಿ. ಶೀಲ್ಡ್ ಬೋರ್ಡನ್ನು ಸ್ವಲ್ಪ ಹಿಂದಕ್ಕೆ ತಳ್ಳುತ್ತದೆ, ಅದು ಸಹಜ. ಮೊದಲು ನಡುವಿನ ಸ್ಕ್ರೂ ಹಾಕಿ, ಎಲ್ಲವನ್ನೂ ಸಡಿಲವಾಗಿ ಹಿಡಿಸಿದ ಮೇಲೆ ಬಿಗಿ ಮಾಡಿ; ತಿರುಗುವುದು ನಿಂತ ಮೇಲೆ ಮತ್ತೆ ಬಲ ಹಾಕಬೇಡಿ. ಪೊಟ್ಟಣದಲ್ಲಿ ಎರಡು ಬಗೆಯ ಮರೆಯ ಸ್ಕ್ರೂಗಳಿರಬಹುದಾದ್ದರಿಂದ, ಬೋರ್ಡ್ ಇಡುವ ಮೊದಲೇ ಒಂದನ್ನು ಬರಿಯ ಸ್ಟ್ಯಾಂಡ್‌ಆಫ್‌ಗೆ ಬೆರಳಿನಿಂದ ತಿರುಗಿಸಿ, ಸರಾಗವಾಗಿ ಇಳಿಯುವುದನ್ನೇ ಆರಿಸಿಕೊಳ್ಳಿ.

ಪ್ರೊಸೆಸರ್‌ನ 8 ಪಿನ್ ಕೇಬಲನ್ನು ಬೋರ್ಡಿಗೆ ಸ್ಕ್ರೂ ಹಾಕುವ ಮೊದಲೇ ಮೇಲಿನ ಮೂಲೆಯ ಕಿಂಡಿಯಿಂದ ತಂದಿಟ್ಟುಕೊಳ್ಳಿ, ಆಮೇಲೆ ಅಲ್ಲಿ ಕೈ ಹೋಗುವುದಿಲ್ಲ. ಅದು ನಾಲ್ಕು ನಾಲ್ಕಾಗಿ ಸೀಳುತ್ತದೆ. ಗ್ರಾಫಿಕ್ಸ್ ಕಾರ್ಡಿನದು ಆರು ಮತ್ತು ಎರಡಾಗಿ ಸೀಳುತ್ತದೆ. ಒಂದರ ಜಾಗಕ್ಕೆ ಇನ್ನೊಂದನ್ನು ಬಲವಂತದಿಂದ ಹಾಕಬಾರದು. 24 ಪಿನ್ ಕೇಬಲ್ ಒತ್ತುವಾಗ ಬೋರ್ಡಿನ ಅಂಚಿನ ಹಿಂದೆ ಬೆರಳಿನ ಆಧಾರ ಕೊಡಿ. ಮುಂಭಾಗದ ಸಣ್ಣ ತಂತಿಗಳಲ್ಲಿ ಪವರ್ ಮತ್ತು ರೀಸೆಟ್ ಸ್ವಿಚ್‌ಗಳಿಗೆ ಧನ, ಋಣದ ಭೇದವಿಲ್ಲ, ಎಲ್‌ಇಡಿಗಳಿಗೆ ಇದೆ. ಸಾಮಾನ್ಯ ಜೋಡಣೆಯಲ್ಲಿ ಪವರ್ ಸ್ವಿಚ್ 6 ಮತ್ತು 8ನೆಯ ಪಿನ್‌ಗಳಿಗೆ, ರೀಸೆಟ್ 5 ಮತ್ತು 7ಕ್ಕೆ ಸೇರುತ್ತವೆ, 10ನೆಯ ಜಾಗ ಖಾಲಿ. ಆಡಿಯೋ ಮತ್ತು ಯುಎಸ್‌ಬಿ 2.0 ಎರಡೂ 9 ಪಿನ್ನಿನವೇ ಆದರೂ ಆಡಿಯೋದಲ್ಲಿ 8ನೆಯ ಪಿನ್, ಯುಎಸ್‌ಬಿಯಲ್ಲಿ 9ನೆಯದು ಇರುವುದಿಲ್ಲ. ಸರಾಗವಾಗಿ ಕೂರದಿದ್ದರೆ ಜಾಗ ತಪ್ಪಿದೆ ಎಂದೇ ತಿಳಿಯಿರಿ. ಯುಎಸ್‌ಬಿ 3.0ದ ದಪ್ಪ ಕನೆಕ್ಟರನ್ನು ನೇರವಾಗಿಯೇ ಇಳಿಸಿ, ಓರೆಯಾದರೆ ಅದರ ಪಿನ್‌ಗಳು ಬಾಗುತ್ತವೆ.

ಪ್ರಶ್ನೆ ಕೇಳಿದವರು: ನಗರಹೋಬಳಿ

ಮೂವರಿಗೂ ಕೃತಜ್ಞತೆಗಳು. ಎರಡು ಸ್ಟ್ಯಾಂಡ್‌ಆಫ್‌ಗಳನ್ನು ಎಂ ಅಕ್ಷರದ ಜಾಗಕ್ಕೆ ಸರಿಸಿ, ಮಿಕ್ಕ ಒಂದನ್ನು ತೆಗೆದಿಟ್ಟು ಬೋರ್ಡ್ ಕೂರಿಸಿದ್ದೇನೆ. ಎಂಟೂ ಸ್ಕ್ರೂಗಳು ಹಿಡಿದಿವೆ. ಎಲೆಕ್ಟ್ರಿಷಿಯನ್ ಬಂದು ನೋಡಿ, ಮೇಜಿನ ಪಕ್ಕದ ಪಾಯಿಂಟ್‌ಗೆ ಅರ್ಥ್ ತಂತಿ ಬಂದೇ ಇಲ್ಲವೆಂದು ತಿಳಿಸಿದರು. ಗುಂಡಿ ತೆಗೆಯಲು ಮಳೆ ಸ್ವಲ್ಪ ನಿಲ್ಲಬೇಕಂತೆ. ಅಲ್ಲಿಯವರೆಗೆ ಯಂತ್ರವನ್ನು ಚಾಲೂ ಮಾಡಬಹುದೇ? ಮೊದಲ ಸಲ ಚಾಲೂ ಮಾಡುವಾಗ ಏನನ್ನು ಗಮನಿಸಬೇಕು?

ಉತ್ತರ: ತುಂಗಾತೀರ (ತೀರ್ಥಹಳ್ಳಿ)

ಆ ಪಾಯಿಂಟ್‌ನಲ್ಲಿ ಚಾಲೂ ಮಾಡಬೇಡಿ. ಅಡುಗೆಮನೆಯ ಮಿಕ್ಸಿ ಅಥವಾ ಫ್ರಿಜ್‌ನ ಪಾಯಿಂಟ್‌ಗೆ ಅರ್ಥ್ ಇದೆಯೇ ಎಂದು ಅದೇ ಎಲೆಕ್ಟ್ರಿಷಿಯನ್‌ರಿಂದ ನೋಡಿಸಿ. ಹಳೆಯ ಮನೆಗಳಲ್ಲೂ ಕೆಲವೊಮ್ಮೆ ಅಲ್ಲಿ ಮಾತ್ರ ಇರುವುದುಂಟು. ಇದ್ದರೆ ಯಂತ್ರವನ್ನೇ ಅಲ್ಲಿಗೆ ಒಯ್ದು ಪರೀಕ್ಷಿಸಿಕೊಳ್ಳಬಹುದು. ಇಲ್ಲದಿದ್ದರೆ ಗುಂಡಿಯಾಗುವವರೆಗೆ ಕಾಯಿರಿ.

ಉತ್ತರ: ವರದಾಮೂಲ (ಸಾಗರ)

ಅರ್ಥ್ ಇರುವ ಪಾಯಿಂಟ್ ಸಿಕ್ಕಿದ ಮೇಲೆ, ಮಾನಿಟರ್‌ನ ಕೇಬಲನ್ನು ಬೋರ್ಡಿನ ಹಿಂಭಾಗದ ಎಚ್‌ಡಿಎಂಐಗೇ ಸೇರಿಸಿ. 5600ಜಿ ಪ್ರೊಸೆಸರ್‌ನಲ್ಲಿಯೇ ಗ್ರಾಫಿಕ್ಸ್ ಇರುವುದರಿಂದ ಬೇರೆ ಕಾರ್ಡ್ ಬೇಡ. ಎಸ್‌ಎಂಪಿಎಸ್‌ನ ಹಿಂದಿನ ಸ್ವಿಚ್ ಹಾಕಿ ಗುಂಡಿ ಒತ್ತಿದ ಮೇಲೆ ಕೂಲರ್‌ನ ಫ್ಯಾನ್ ತಿರುಗಬೇಕು. ಮೊದಲ ಸಲ ಚಿತ್ರ ಬರುವುದು ತಡವಾಗಬಹುದು, ಒಂದೆರಡು ಬಾರಿ ತಾನಾಗಿಯೇ ಆರಿ ಹೊತ್ತಿಕೊಳ್ಳಲೂಬಹುದು. ರ‍್ಯಾಮ್‌ಗೆ ಹೊಂದಿಕೊಳ್ಳುವ ಕ್ರಿಯೆ ಅದು, ನಡುವೆ ಆರಿಸಬೇಡಿ.

ಕೆಲವು ನಿಮಿಷಗಳಾದರೂ ಚಿತ್ರ ಬಾರದಿದ್ದರೆ ಬೋರ್ಡಿನ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದಿರುವ ಸಣ್ಣ ದೀಪಗಳಿವೆಯೇ ನೋಡಿ. ಡಿರ‍್ಯಾಮ್ ದೀಪ ನಿಂತುಬಿಟ್ಟಿದ್ದರೆ ಪ್ಲಗ್ ಕಿತ್ತು, ರ‍್ಯಾಮ್‌ಗಳನ್ನು ತೆಗೆದು, ಒಂದನ್ನು ಮಾತ್ರ ಎರಡನೆಯ ಸ್ಲಾಟ್‌ನಲ್ಲಿ ಎರಡೂ ತುದಿಗಳು ಪೂರ್ತಿ ಇಳಿಯುವಂತೆ ಒತ್ತಿ ಕೂರಿಸಿ ನೋಡಿ. ಅನೇಕ ಬೋರ್ಡ್‌ಗಳಲ್ಲಿ ಸ್ಲಾಟ್‌ನ ಒಂದೇ ತುದಿಗೆ ಚಿಲಕವಿರುತ್ತದೆ, ಚಿಲಕವಿಲ್ಲದ ತುದಿ ಅರ್ಧ ಮೇಲೆಯೇ ಉಳಿದರೂ ಕಣ್ಣಿಗೆ ಗೊತ್ತಾಗುವುದಿಲ್ಲ. ಸಿಪಿಯು ದೀಪ ನಿಂತಿದ್ದರೆ 8 ಪಿನ್ ಕೇಬಲನ್ನು ಮೊದಲು ನೋಡಿ. ಅದೂ ಸರಿಯಿದ್ದರೆ ಬಯಾಸ್ (ಬೋರ್ಡಿನಲ್ಲಿಯೇ ಇರುವ, ಯಂತ್ರವನ್ನು ಚಾಲೂ ಮಾಡುವ ತಂತ್ರಾಂಶ) ಹಳೆಯದಿರಬಹುದು. ಬಿ550 ಬೋರ್ಡ್‌ಗಳು 2020ರಲ್ಲಿ ಬಂದವು, 5600ಜಿ ಬಂದುದು 2021ರಲ್ಲಿ. ಬಹಳ ಕಾಲ ಅಂಗಡಿಯಲ್ಲಿದ್ದ ಬೋರ್ಡಾಗಿದ್ದರೆ, ಹಿಂಭಾಗದಲ್ಲಿ ಬಯಾಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇದೆಯೇ ಎಂದು ಪರಿಶೀಲಿಸಿ, ಕೈಪಿಡಿಯಲ್ಲಿ ಹೇಳಿದಂತೆ ಪೆನ್‌ಡ್ರೈವ್‌ನಿಂದ ಹೊಸದನ್ನು ಹಾಕಬಹುದು. ಆದರೆ ಬಯಾಸ್ ಬರೆಯುತ್ತಿರುವಾಗ ಕರೆಂಟ್ ಹೋದರೆ ಬೋರ್ಡ್ ಏಳದೇ ಹೋಗಬಹುದು. ನಮ್ಮ ಕಡೆಯ ಮಳೆಗಾಲದಲ್ಲಿ ಆ ಕೆಲಸವನ್ನು ಯುಪಿಎಸ್ ಇಲ್ಲದೆ ಮಾಡಲೇಬೇಡಿ.

ಚಿತ್ರ ಬಂದ ಮೇಲೆ ಬಯಾಸ್‌ನಲ್ಲಿ 16 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಎರಡೂ ಕಾಣುತ್ತಿವೆಯೇ ಎಂದು ನೋಡಿ. ಪ್ರೊಸೆಸರ್‌ನ ಉಷ್ಣತೆಯನ್ನೂ ಐದು ನಿಮಿಷ ಗಮನಿಸಿ: ಒಂದು ಮಟ್ಟಕ್ಕೆ ಬಂದು ನಿಂತರೆ ಕೂಲರ್ ಸರಿಯಾಗಿ ಕುಳಿತಿದೆ, ನಿಲ್ಲದೆ ಏರುತ್ತಲೇ ಹೋದರೆ ತಕ್ಷಣ ಆರಿಸಿ ನಾಲ್ಕು ಸ್ಕ್ರೂಗಳನ್ನೂ ಫ್ಯಾನ್‌ನ ತಂತಿಯನ್ನೂ ಪರೀಕ್ಷಿಸಿ. ಕೂಲರನ್ನು ಎತ್ತಬೇಕಾಗಿ ಬಂದರೆ ನೇರವಾಗಿ ಎಳೆಯಬೇಡಿ. ಪೇಸ್ಟ್ ಹಿಡಿದುಕೊಂಡಿರುವುದರಿಂದ ಎಎಂ4ನಲ್ಲಿ ಪ್ರೊಸೆಸರ್ ಕೂಡ ಸಾಕೆಟ್‌ನಿಂದ ಕಿತ್ತು ಬರುವುದುಂಟು. ಸ್ಕ್ರೂ ಬಿಚ್ಚಿದ ಮೇಲೆ ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ, ಹಿಡಿತ ಬಿಟ್ಟ ಮೇಲಷ್ಟೇ ಎತ್ತಿ. ಹಾಗೆ ಎತ್ತಿದರೆ ಹಳೆಯ ಪೇಸ್ಟ್ ಒರೆಸಿ ಹೊಸದನ್ನು ಹಾಕಬೇಕಾಗುತ್ತದೆ, ಸಣ್ಣದೊಂದು ಟ್ಯೂಬ್ ತರಿಸಿಟ್ಟುಕೊಂಡಿರಿ.